ತುಟಿಯಡಿಯ ಸಾಕ್ಷಿ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಶೋಭಾಳ ಮೂಗಿಗೆ ಪುದೀನಾ ವಾಸನೆ ಬಡಿಯಿತು. ಬಡಿಯಬಾರದಿತ್ತು. ಮುಕ್ಕಾಲು ತಾಸು ಗಂಡನ ಬಾಯಲ್ಲಿದ್ದು ಬಂದ ನಿಕೋಟಿನ್ ಪೌಚಿನಲ್ಲಿ ಪುದೀನಾ ಉಳಿಯುವುದಿಲ್ಲ. ಕುದಿಸಿ ಸೋಸಿದ ಚಹಾಪುಡಿಯ ಹಾಗೆ ಒಂದು ಸತ್ತ ವಾಸನೆ ಮಾತ್ರ ಉಳಿದಿರುತ್ತದೆ. ಹದಿನಾಲ್ಕು ತಿಂಗಳಿಂದ ದಿನಾ ಸಂಜೆ ನಾಲ್ಕು ನಾಲ್ಕು ಎಣಿಸಿ ಅವಳಿಗೆ ಅದು ಸಾರಿನ ಉಪ್ಪಿನಷ್ಟೇ ಗುರುತಾಗಿತ್ತು. ನಿನ್ನೆ ಸಂಜೆ ಎಣಿಸುವುದು ತಪ್ಪಿತ್ತು. ಇವತ್ತು ಮಾಡಬೇಕಾದ ಭಾಷಣವನ್ನು ಫೋನಿನಲ್ಲಿ ಮೂರು ಸಲ ಒಪ್ಪಿಸುವಷ್ಟರಲ್ಲಿ ಕುಕ್ಕರು ಆರು ಸೀಟಿ ಕೂಗಿ ಬೇಳೆ ಗಂಜಿಯಾಗಿ ಹೋಗಿತ್ತು, ಆಮೇಲೆ ಡಬ್ಬಿಯ ನೆನಪೇ ಆಗಲಿಲ್ಲ. ಈಗ ಬೆಳಿಗ್ಗೆ, ಗಂಡನ ಊಟದ ಡಬ್ಬಿಗೆ ರೊಟ್ಟಿ ಮಡಚಿಡುವ ಮೊದಲು, ಬಳಸಿದ್ದನ್ನು ಕಸಕ್ಕೆ ಹಾಕಿ ಹೊಸ ನಾಲ್ಕನ್ನು ತುಂಬಲೆಂದು ತೆಗೆದರೆ ಹೀಗೆ. ನಾಲ್ಕು ಬಿಳಿ ಚೀಲಗಳು, ಒಂದೊಂದೂ ಕಿರುಬೆರಳಿನ ತುದಿಯಷ್ಟು. ಒಳಗೆ ತಂಬಾಕಿನ ಎಲೆಯಿಲ್ಲ, ಬರೀ ನಿಕೋಟಿನ್ ಬೆರೆಸಿದ ಪುಡಿ. ಮೇಲ್ತುಟಿಯ ಕೆಳಗೆ ಇಟ್ಟುಕೊಂಡರೆ ಸಿಗರೇಟಿನ ಚಪಲ ಅಡಗುತ್ತದೆ, ಹೊಗೆಯಿಲ್ಲ, ಬೆಂಕಿಯಿಲ್ಲ. ಒಂದು ಎಂದಿನಂತೆ ಮುದುಡಿ ಮಂಕಾಗಿತ್ತು. ಉಳಿದ ಮೂರು ಒದ್ದೆಯಾಗಿದ್ದವು, ಆದರೆ ಉಬ್ಬಿಕೊಂಡು ಚೆನ್ನಾಗಿದ್ದವು. ಅವಳು ಒಂದನ್ನು ಎತ್ತಿ ಒತ್ತಿದಳು. ಬೆರಳಿಗೆ ಬಂದದ್ದು ಹಾಲಿನಂಥ ತೆಳು ನೀರು. ಪುದೀನಾದ ಹಿಂದಿನಿಂದ ಇನ್ನೊಂದು ವಾಸನೆ ಮೆಲ್ಲಗೆ ಎದ್ದು ಬಂತು, ಬಂದು ನಿಂತುಕೊಂಡಿತು.

ಆ ವಾಸನೆಗೆ ಹೆಸರು ಹುಡುಕಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಅದನ್ನು ಯಶವಂತನ ಅಂಗಿಗಳಿಂದ ಒಗೆದು ತೆಗೆದವಳು ಅವಳು. ಬಾಲಾನಗರದಲ್ಲಿ ಅವನು ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ ಕಬ್ಬಿಣ ಕೊರೆಯುವ ಯಂತ್ರ ಕಾಯದಿರಲೆಂದು ಹರಿಸುವ ಕೂಲಂಟ್, ಎಣ್ಣೆ ಬೆರೆತ ಬಿಳಿ ನೀರು. ಮದುವೆಯಾಗಿ ಗುಳೇದಗುಡ್ಡದಿಂದ ತೆಲುಗು ನಾಡಿನ ಈ ಸನತ್‌ನಗರದ ಒಂದೇ ಕೋಣೆಯ ಮನೆಗೆ ಬಂದ ಮೊದಲ ವಾರ, ಆ ವಾಸನೆ ತನ್ನ ಸೀರೆಗೂ ಹತ್ತಿದೆಯೆಂದು ಬಚ್ಚಲಲ್ಲಿ ಕೂತು ಅತ್ತಿದ್ದಳು. ಎರಡನೆಯ ವರ್ಷ, ಹೊಟ್ಟೆಯಲ್ಲಿ ಚಿನ್ಮಯಿ ಇದ್ದಾಗ, ಯಾರಿಗೂ ಕಾಣದಂತೆ ಅದೇ ಅಂಗಿಯನ್ನು ಮೂಗಿಗೆ ಹಿಡಿದು ನಿಲ್ಲುತ್ತಿದ್ದಳು. ಕೂಲಂಟಿನಲ್ಲಿ ಅದ್ದಿದ್ದನ್ನು ಯಾವ ಮನುಷ್ಯನೂ ಬಾಯಿಗೆ ಇಟ್ಟುಕೊಳ್ಳುವುದಿಲ್ಲ. ಹಾಗಾದರೆ ಇವು ಬಾಯಿಗೆ ಹೋಗಿಯೇ ಇಲ್ಲ. ಹಾಗಾದರೆ, ಎಂದುಕೊಂಡು ಅವಳು ಅಲ್ಲಿಗೇ ನಿಲ್ಲಿಸಿ ರೊಟ್ಟಿಯ ಹಂಚಿನ ಕಡೆ ತಿರುಗಿದಳು. ರೊಟ್ಟಿ ಒಂದು ಕಡೆ ಹೊತ್ತಿತ್ತು. ಎಲ್ಲಾ ಬಿಟ್ಟಿರಬಹುದಲ್ಲ, ಪೌಚೂ ಬೇಡವಾಗಿರಬಹುದಲ್ಲ, ತನಗೆ ಬೇಸರವಾದೀತೆಂದು ಹೇಳಿರಲಿಕ್ಕಿಲ್ಲ. ಹೊತ್ತಿದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಳ್ಳುತ್ತ ಅವಳು ಆ ಆಸೆಯನ್ನು ಎರಡು ನಿಮಿಷ ಇಟ್ಟುಕೊಂಡಳು, ಅದು ಆಸೆಯೆಂದು ಗೊತ್ತಿದ್ದೇ.

"ನೀಲಿ ಅಂಗಿ ಇಸ್ತ್ರಿ ಮಾಡಿಟ್ಟೀಯೇನ?" ಯಶವಂತ ಬಚ್ಚಲಿನಿಂದ ತಲೆ ಒರೆಸಿಕೊಳ್ಳುತ್ತ ಬಂದ. "ಮಧ್ಯಾಹ್ನ ಒಂದಕ್ಕ ಬರತೀನಿ. ಅರ್ಧಾ ದಿನದ ರಜಾ ಬರದಕೊಟ್ಟೀನಿ. ಕಾರಣ ಏನಂತ ಕೇಳಿದ್ರು."

"ಏನಂದ್ರಿ?"

"ನಮ್ಮನಿಯಾಕಿ ನನ್ನ ಪ್ರದರ್ಶನಕ್ಕ ಇಡಾಕತ್ತಾಳ್ರಿ ಅಂದೆ." ಅವನು ನಕ್ಕ. ನಗುವಾಗ ಮೇಲ್ತುಟಿ ಮೇಲೆದ್ದಿತು, ಅಲ್ಲಿ ಏನೂ ಇರಲಿಲ್ಲ, ಇರಬೇಕಾದ ಹೊತ್ತೂ ಅಲ್ಲ ಅದು. ಆದರೂ ಅವಳು ನೋಡಿದಳು. "ಯಾಕ ಹಂಗ ನೋಡ್ತಿ? ಹೆದರಿಕಿ ಬಂದೈತೇನ?"

"ಇಲ್ಲ."

"ಅಪ್ಪಾ, ಅವ್ವ ನಿನ್ನೆಯಿಂದ ಕನಸಿನ್ಯಾಗೂ ತೆಲುಗು ಮಾತಾಡಾಕತ್ತಾಳ," ಎಂದು ಚಿನ್ಮಯಿ ಕಾಲೇಜಿನ ಚೀಲ ಹೆಗಲಿಗೇರಿಸುತ್ತ ಹೇಳಿದಳು. "ಒಂಬತ್ತನೇ ಸಾಲು ಜೋರಾಗಿ ಹೇಳವ್ವಾ. ಅದ ಮೇನ್ ಪಾಯಿಂಟು."

ಒಂಬತ್ತನೆಯ ಸಾಲು: ನನ್ನ ಗಂಡ ಹದಿನಾಲ್ಕು ತಿಂಗಳಿನಿಂದ ಒಂದೇ ಒಂದು ಸಿಗರೇಟನ್ನೂ ಮುಟ್ಟಿಲ್ಲ. ಹಾಳೆಯಲ್ಲಿ ಅದು ತೆಲುಗಿನಲ್ಲಿತ್ತು, ಆದರೆ ಮಗಳು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು. ಶೋಭಾ ಡಬ್ಬಿಗೆ ಹೊಸ ನಾಲ್ಕು ಪೌಚು ತುಂಬಿ, ಎಂದಿನಂತೆ ಊಟದ ಚೀಲದ ಪಕ್ಕದ ಜೇಬಿಗೆ ಹಾಕಿ ಗಂಡನ ಕೈಗೆ ಕೊಟ್ಟಳು. ಕೇಳಬಹುದಿತ್ತು. ಕೇಳಿದರೆ ಅವನು ಹೇಳಿಬಿಡುತ್ತಾನೆ, ಸುಳ್ಳು ಹೇಳಲು ಬಾರದ ಮನುಷ್ಯ. ವರ್ಕ್‌ಶಾಪಿನ ತಪಾಸಣೆಯ ಮೇಜಿನ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸವಿರುವ ಕಬ್ಬಿಣದ ಬಿಡಿಭಾಗವನ್ನೂ ಎತ್ತಿ ಆಚೆಗಿಡುವವನು. ಹೇಳಿಬಿಟ್ಟರೆ ಮಧ್ಯಾಹ್ನ ಮೂರಕ್ಕೆ ಸಮಿತಿಯ ಮುಂದೆ ತಾನು ಏನು ಓದುವುದು? ಬಾಗಿಲಿನಲ್ಲಿ ನಿಂತು ಅವನ ಬೈಕು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಿದ್ದಾಗ ಅವಳಿಗೆ ಮೊದಲ ಸಲ ಹೊಳೆದದ್ದು ಇದು: ಗಂಡ ಸೇದುತ್ತಿದ್ದಾನೋ ಇಲ್ಲವೋ ಎನ್ನುವುದಕ್ಕಿಂತ ಮೊದಲು ತನಗೆ ನೆನಪಾದದ್ದು ಭಾಷಣ. ಹೊಳೆದದ್ದೇ ಒಳಗೆ ಬಂದು ಪಾತ್ರೆ ತಿಕ್ಕಲು ಕೂತಳು.

ಹೋದ ವರ್ಷದ ಮಾಘದಲ್ಲಿ ಅವನು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತದ್ದು, ಆಟೋದಲ್ಲಿ ಅವಳ ಭುಜದ ಮೇಲೆ ಬಿದ್ದ ಅವನ ತಲೆ ಬಲಿತ ಕುಂಬಳಕಾಯಿಯಷ್ಟು ಭಾರವಾದದ್ದು, ರಕ್ತನಾಳಕ್ಕೆ ಸ್ಟೆಂಟು ಹಾಕಿದ ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತ "ಸಿಗರೆಟ್ ಮಾನೆಯ್ಯಾಲಿ, ಎಲಾ ಅಯಿನಾ" ಎಂದದ್ದು. ಬಿಡಬೇಕು, ಎಲಾ ಅಯಿನಾ: ಹೇಗಾದರೂ. ಆ ಒಂದು ಮಾತನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡು ಬಂದಿದ್ದಳು. ದಿನಕ್ಕೆ ಇಪ್ಪತ್ತು ಸೇದುವವನು. ಗಮ್ ತಂದಳು, ಹಲ್ಲಿಗೆ ಅಂಟುತ್ತದೆಂದ. ಏಲಕ್ಕಿ ತಂದಳು, ಮೂರು ದಿನ ಏಲಕ್ಕಿಯನ್ನೂ ತಿಂದ, ಸಿಗರೇಟನ್ನೂ ಸೇದಿದ. ಆಮೇಲೆ ಯಾರೋ ಹೇಳಿದರೆಂದು ಈ ಪೌಚು. ಮೊದಲ ದಿನ ತುಟಿಯಡಿ ಇಟ್ಟುಕೊಂಡು, ಕಣ್ಣು ಅಗಲಿಸಿ, "ಚುರುಚುರು ಅಂತೈತಿ, ಆದ್ರ ಸೇದೂ ಹುಚ್ಚು ನಿಂತೈತಿ" ಎಂದ. ಹುಚ್ಚು ನಿಂತಿತು! ಅವಳು ಅವತ್ತು ಗೋಧಿ ಹುಗ್ಗಿ ಮಾಡಿದ್ದಳು. ಆಮೇಲೆ ಕ್ರಮ ಬಂತು. ತಿಂಗಳಿಗಾಗುವಷ್ಟನ್ನು ಸಜ್ಜಿಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು, ದಿನಕ್ಕೆ ನಾಲ್ಕು ತಾನೇ ಕೊಡುವುದು. ಬಳಸಿದ್ದನ್ನು ಅವನು ಅದೇ ಡಬ್ಬಿಯ ಮುಚ್ಚಳದ ಮೇಲಿನ ಖಾನೆಯಲ್ಲಿ ತರುವುದು. ಸಂಜೆಯ ಚಹಾದ ಹೊತ್ತಿಗೆ ಅವಳು ಎಣಿಸುವುದು. ಮಗಳಿಗೆ ಜ್ವರ ಬಂದಾಗ ಗುಳಿಗೆ ಎಣಿಸಿದ ಕೈ ಅದು, ಅದರಲ್ಲಿ ಅವಳಿಗೆ ಏನೂ ವಿಶೇಷ ಕಂಡಿರಲಿಲ್ಲ. ನಾಲ್ಕು ಹೋದವು, ನಾಲ್ಕು ಬಂದವು. ಒಂದು ದಿನವೂ ಮೂರು ಬರಲಿಲ್ಲ, ಐದು ಬೇಕೆಂದು ಅವನು ಕೇಳಲಿಲ್ಲ. ಈಗ ಬೂದಿ ಹಚ್ಚಿದ ಪಾತ್ರೆಯನ್ನು ತೊಳೆಯುತ್ತ ಅವಳಿಗೆ ಅನ್ನಿಸಿತು, ಅಷ್ಟು ಸರಿಯಾಗಿ ಯಾವುದಾದರೂ ಸಂಸಾರದಲ್ಲಿ ಏನಾದರೂ ನಡೆದೀತೇ? ಹಾಲಿನವನ ಲೀಟರು ಸರಿಬರುವುದಿಲ್ಲ. ತನಗೆ ಆಗಲೇ ತಿಳಿಯಬೇಕಿತ್ತು.

ಪೌಚನ್ನು ನಿಷೇಧಿಸುವ ಕರಡು ಕಾಯ್ದೆಯ ಸುದ್ದಿಯನ್ನು ಮೊದಲು ಓದಿದ್ದು ಅವಳೇ, ಬಜ್ಜಿ ಕಟ್ಟಿಕೊಟ್ಟ ಹಿಂದಿ ಪೇಪರಿನಲ್ಲಿ. ಎಣ್ಣೆಯ ಕಲೆಯ ನಡುವೆ ಸಾಲುಗಳನ್ನು ಬಿಡಿಸಿಕೊಂಡು ಓದಿ, ಅವತ್ತೇ ಪತ್ರಿಕೆಗೆ ಪತ್ರ ಬರೆದಳು. ಸಿಗರೇಟು ಪ್ರತಿ ಡಬ್ಬಾ ಅಂಗಡಿಯಲ್ಲೂ ಇರುತ್ತದೆ, ಅದನ್ನು ಬಿಡಿಸುವ ವಸ್ತು ಮಾತ್ರ ಇರಬಾರದೇ ಎಂದು. ಅದು ಅಚ್ಚಾಯಿತು. ನಾಲ್ಕನೆಯ ದಿನ ಬೆಂಗಳೂರಿನ ಹರ್ಷಿತಾ ಎನ್ನುವ ಹುಡುಗಿಯ ಫೋನು ಬಂತು. ಅವಳು ಹೈಟೆಕ್ ಸಿಟಿಯ ಒಂದು ಆಫೀಸಿನಲ್ಲಿದ್ದಳು. ಗ್ರಾಹಕರ ಹಕ್ಕಿನ ವೇದಿಕೆ ಅಂತ ಹೆಸರು, ಪೌಚು ಮಾಡುವವರೇ ಅದಕ್ಕೆ ಬಾಡಿಗೆ ಕಟ್ಟುತ್ತಾರೆಂದು ಅವಳೇ ನಗುತ್ತ ಹೇಳಿದಳು, ಮುಚ್ಚಿಡಲಿಲ್ಲ. "ಆಂಟಿ, ಡಾಕ್ಟರ್ ಮಾತಾಡಿದ್ರೆ ಕಮಿಟಿಯವರು ನಿದ್ದೆ ಮಾಡ್ತಾರೆ. ನೀವು ಮಾತಾಡಿದ್ರೆ ಎದ್ದು ಕೂರ್ತಾರೆ." ಐವತ್ತು ತುಂಬುತ್ತ ಬಂದ ಈ ವಯಸ್ಸಿನಲ್ಲಿ, ತಾನು ಮಾತಾಡಿದರೆ ಯಾರೋ ಎದ್ದು ಕೂರುತ್ತಾರೆನ್ನುವುದು ಶೋಭಾಳಿಗೆ ಎರಡು ದಿನ ನಿದ್ದೆ ಕೆಡಿಸಿತ್ತು. ಆಮೇಲೆ ಆ ಹುಡುಗಿ ಐದು ಡಬ್ಬಿ ಪೌಚು ಉಚಿತವಾಗಿ ಕಳಿಸಿದಳು. ಇಂಥದ್ದೆಲ್ಲ ಬೇಡವೆಂದು ಶೋಭಾ ಕಟ್ಟುನಿಟ್ಟಾಗಿ ಹೇಳಿ ಹಿಂತಿರುಗಿಸಿದಳು. ಮೂರನ್ನು. ಉಳಿದೆರಡರ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ತಿಂಗಳ ಕೊನೆಯ ವಾರವಾಗಿತ್ತು.

ಒಂದು ಗಂಟೆಗೆ ಯಶವಂತ ಬಂದ, ನೀಲಿ ಅಂಗಿ ಹಾಕಿಕೊಂಡ, ಬೈಕು ಮನೆಯಲ್ಲೇ ಬಿಟ್ಟು ಇಬ್ಬರೂ ಬಸ್ಸು ಹತ್ತಿದರು. ಅವಳಿಗೆ ಹೆಂಗಸರ ಸೊನ್ನೆ ಟಿಕೆಟು, ಅವನಿಗೆ ದುಡ್ಡಿನದು. ಅವಳು ಮುಂದೆ ಕೂತಳು, ಅವನು ಹಿಂದೆ ನಿಂತ. ಎರ್ರಗಡ್ಡದ ಸಿಗ್ನಲ್ಲಿನಲ್ಲಿ ಒಮ್ಮೆ ತಿರುಗಿ ನೋಡಿದಳು. ಕಂಬಿ ಹಿಡಿದುಕೊಂಡು ಹೊರಗೆ ನೋಡುತ್ತಿದ್ದ. ಪರೀಕ್ಷೆಗೆ ಕರೆದೊಯ್ಯುವ ಮಗುವಿನ ಮುಖ. ಅಂಗಿಯ ಜೇಬು ಸ್ವಲ್ಪ ಉಬ್ಬಿತ್ತು. ಫೋನಿರಬಹುದು. ಫೋನು ಅವನ ಕೈಯಲ್ಲಿತ್ತು. ಅವಳು ಮುಂದಕ್ಕೆ ತಿರುಗಿ ಹಾಳೆ ತೆಗೆದು ಒಂದನೆಯ ಸಾಲಿನಿಂದ ಓದತೊಡಗಿದಳು.

ಕರಡು ಕಾಯ್ದೆಯ ಬಗ್ಗೆ ಜನರ ಅಭಿಪ್ರಾಯ ಕೇಳಲು ಸರಕಾರದ ಸಮಿತಿ ಸೇರಲಿದ್ದ ಸಭಾಭವನದ ಬಾಗಿಲಿನಲ್ಲಿ ಎರಡು ಮೇಜು, ಎರಡು ರಿಜಿಸ್ಟರು: ಒಂದು ನಿಷೇಧದ ಪರ, ಒಂದು ವಿರುದ್ಧ. ಮಧ್ಯೆ ಒಬ್ಬನೇ ಗುಮಾಸ್ತ, ಕುರ್ಚಿಯನ್ನು ಅತ್ತ ಇತ್ತ ಎಳೆದುಕೊಳ್ಳುತ್ತ ಎರಡನ್ನೂ ನೋಡಿಕೊಳ್ಳುತ್ತಿದ್ದ. ಶೋಭಾ ವಿರುದ್ಧದ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದಾಗ ಪಕ್ಕದ ಮೇಜಿನಿಂದ ಪರಿಚಿತ ಬಳೆಯ ಸದ್ದು ಕೇಳಿಸಿತು.

"ಏನ್ರೀ ಶೋಭಾ, ಆ ಮೇಜಿಗೆ ಹೋಗ್ಬಿಟ್ರಾ?"

ಕೋಕಿಲಾ. ಅವರ ಕಾಲೊನಿಯ ಮಹಿಳಾ ಮಂಡಳಿಯ ಅಧ್ಯಕ್ಷೆ, ಮೈಸೂರಿನವರು. ಒಡಹುಟ್ಟಿದ ತಮ್ಮನೊಬ್ಬ ಬಾಯಿಯ ಕ್ಯಾನ್ಸರಿನಲ್ಲಿ ತೀರಿಹೋದ ಮೇಲೆ ಮಂಡಳಿ ಕಟ್ಟಿದವರು. ಮೂರು ವರ್ಷದ ಹಿಂದೆ ಶಾಲೆಯ ಎದುರಿನ ಡಬ್ಬಾ ಅಂಗಡಿಯಿಂದ ಗುಟ್ಕಾದ ಸರ ಕಿತ್ತುಹಾಕಿಸುವಾಗ ಮುಂದೆ ನಿಂತು ಮಾತಾಡಿದ್ದು ಶೋಭಾ, ಪಕ್ಕದಲ್ಲಿ ಬ್ಯಾನರು ಹಿಡಿದಿದ್ದವರು ಕೋಕಿಲಾ. "ಎಲ್ಲಾ ನಿಲ್ಲಬೇಕು, ಒಂದೂ ಉಳಿಯಬಾರದು" ಎಂದು ಅವತ್ತು ಶೋಭಾ ಕೂಗಿದ್ದು ಇನ್ನೂ ಯಾರದೋ ಫೋನಿನಲ್ಲಿ ಇದೆ.

"ಇದು ಬ್ಯಾರೆ ಐತ್ರಿ, ಕೋಕಿಲಾ ಅವ್ರ," ಎಂದಳು. "ಇದರಾಗ ಎಲಿ ಇಲ್ಲ. ಹೊಗಿ ಇಲ್ಲ. ಬಿಡಾಕ ಅನುಕೂಲ ಆಗತೈತಿ."

"ಬಿಡೋರಿಗೆ ಸರಿ. ಹಿಡಿಯೋರಿಗೆ?" ಕೋಕಿಲಾ ದನಿ ಏರಿಸಲಿಲ್ಲ. "ನಮ್ಮ ಮಗಳು ಸಿಂಚನಾ ಹೇಳ್ತಾಳೆ, ಜನ್ಮದಲ್ಲಿ ಸಿಗರೇಟು ಮುಟ್ಟದ ಹುಡುಗೀರು ಇದನ್ನ ತುಟಿಲಿಟ್ಕೊಂಡು ಕ್ಲಾಸಲ್ಲಿ ಕೂತಿರ್ತಾರಂತೆ. ಲೆಕ್ಚರರ್‌ಗೂ ಗೊತ್ತಾಗಲ್ವಂತೆ. ಪುದೀನಾ ವಾಸನೆ ಚೆನ್ನಾಗಿರುತ್ತಂತೆ. ನಿಮ್ಮ ಯಜಮಾನ್ರು ಬಿಟ್ಟಿದ್ದು ನಂಗೂ ಸಂತೋಷ ಕಣ್ರೀ. ಒಬ್ಬರು ಬಿಡೋಕ್ಕೆ ಹತ್ತು ಜನ ಕಲೀಬೇಕಾ, ಹೇಳಿ?"

ಅದಕ್ಕೆ ಹರ್ಷಿತಾ ಕಲಿಸಿಕೊಟ್ಟ ಉತ್ತರವೊಂದಿತ್ತು, ವಯಸ್ಸಿನ ಮಿತಿ, ಅಂಗಡಿಯ ಪರವಾನಗಿ. ಶೋಭಾ ಸಹಿಯ ಕೆಳಗೆ ತಾರೀಖು ಬರೆದಳು. ಆಚೆ ಯಶವಂತ ನೀರಿನ ಫಿಲ್ಟರಿನ ಮುಂದೆ ನಿಂತಿದ್ದ, ಕೋಕಿಲಾ ಅವನ ಕಡೆ ನೋಡಿ ಕೈ ಮುಗಿದು, "ಚೆನ್ನಾಗಿ ಬಣ್ಣ ಬಂದಿದೆ ಮುಖಕ್ಕೆ" ಎಂದರು. ಆ ಮಾತು ಶೋಭಾಳಿಗೆ ಸಹಿಸಲಾಗದಷ್ಟು ಒಳ್ಳೆಯದಾಗಿತ್ತು.

ಸಮಿತಿ ಮೂರೂಕಾಲಿಗೆ ಕೂತಿತು. ಮಧ್ಯದ ಕುರ್ಚಿಯಲ್ಲಿ ದಣಿದ ಮುಖದ ಅಧ್ಯಕ್ಷರು. ಪ್ರತಿಯೊಬ್ಬರಿಗೂ "ರೆಂಡು ನಿಮಿಷಾಲು" ಎಂದು ಎರಡು ಬೆರಳು ತೋರಿಸುತ್ತಿದ್ದರು. ಹರ್ಷಿತಾ ಶೋಭಾಳ ಪಕ್ಕದಲ್ಲಿ ಕೂತು ಪಿಸುಗುಟ್ಟುತ್ತಿದ್ದಳು: "ಆಂಟಿ, ಹದಿನಾಲ್ಕು ತಿಂಗಳು ಅನ್ನೋವಾಗ ಒಂದು ಗ್ಯಾಪ್ ಕೊಡಿ. ಆಮೇಲೆ ಅಂಕಲ್ ಕಡೆ ಕೈ ತೋರಿಸಿ. ಅಂಕಲ್ ಎದ್ದು ನಿಂತ್ಕೋಬೇಕು. ಅಂಕಲ್, ಜೋರಾಗಿ ಕೆಮ್ಮಬೇಡಿ ಪ್ಲೀಸ್." ಯಶವಂತ ವಿಧೇಯನಾಗಿ ತಲೆಯಾಡಿಸಿ, ಬಂದ ಕೆಮ್ಮನ್ನು ನುಂಗಿಕೊಂಡ. ಶೋಭಾ ಅದನ್ನು ಕೇಳಿಸಿಕೊಂಡಳು. ಎಷ್ಟು ತಿಂಗಳಿಂದ ಈ ಕೆಮ್ಮಿದೆ? ಯಂತ್ರದ ಧೂಳು ಎಂದು ತಾನೇ ಮಗಳಿಗೆ ಹೇಳಿದ್ದಳಲ್ಲ.

ಅವಳಿಗಿಂತ ಮೊದಲು ಮಾತಾಡಿದವರು ಬೀಡಿ ಸಿಗರೇಟು ವರ್ತಕರ ಸಂಘದ ಒಬ್ಬ ಹಿರಿಯರು. ಬಿಳಿ ಅಂಗಿ, ಹಣೆಯಲ್ಲಿ ಗಂಧ. ಅವರು ನಿಷೇಧದ ಪರ. ನಾಡಿನ ಎಳೆಯರ ಆರೋಗ್ಯ ಕಾಪಾಡಲು ಈ ಹೊಸ ವಿಷವನ್ನು ಮೊಳಕೆಯಲ್ಲೇ ಚಿವುಟಬೇಕೆಂದರು, ತಮ್ಮ ಸಂಘ ಎಷ್ಟು ವರ್ಷದಿಂದ ಜವಾಬ್ದಾರಿಯ ವ್ಯಾಪಾರ ನಡೆಸಿಕೊಂಡು ಬಂದಿದೆಯೆಂದರು, ಕೊನೆಗೆ ದನಿ ಇಳಿಸಿ, "ಈ ನಾಡಿನ ತಾಯಂದಿರ ಪರವಾಗಿ ಕೇಳುತ್ತಿದ್ದೇನೆ" ಎಂದರು. ಚಪ್ಪಾಳೆ ಬಿತ್ತು. ಕೋಕಿಲಾ ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು, ಯಾರಿಗಾಗಿ ತಟ್ಟುತ್ತಿದ್ದೇನೆಂದು ಹೊಳೆದವರಂತೆ, ಹಾಗೇ ಮಡಿಲಿಗೆ ಇಳಿಸಿಕೊಂಡರು. ಶೋಭಾಳಿಗೆ ಮೊದಲು ನಗು ಬಂತು, ಆಮೇಲೆ ಕೈಯಲ್ಲಿದ್ದ ಹಾಳೆಯ ಕಡೆ ನೋಡಿದಳು. ಆ ಮನುಷ್ಯ ಸುಳ್ಳು ಹೇಳುವಾಗ ಎಲ್ಲಿ ನಿಲ್ಲಿಸಿದ, ಎಲ್ಲಿ ದನಿ ಇಳಿಸಿದ, ಅದೆಲ್ಲ ಈ ಹುಡುಗಿ ತನಗೆ ಹೇಳಿಕೊಟ್ಟ ಜಾಗಗಳೇ.

ಹೆಸರು ಕರೆದರು. ಅವಳ ತೆಲುಗು ಎರ್ರಗಡ್ಡದ ತರಕಾರಿ ಬಜಾರಿನ ತೆಲುಗು. ಬೆಲೆ ಕೇಳಲು, ಬೈಯಲು, ಮಗುವಿನ ಆರೋಗ್ಯ ವಿಚಾರಿಸಲು ಸಾಕಾಗುತ್ತಿತ್ತು. ಮೈಕಿನ ಮುಂದೆ ಅದು ಬೇರೆ ಯಾರದೋ ಸೀರೆ ಉಟ್ಟ ಹಾಗಿತ್ತು. ಎಂಟು ಸಾಲು ಸರಿಯಾಗಿ ಹೋದವು. ಗಂಡನ ಎದೆನೋವು, ಡಾಕ್ಟರು, ಇಪ್ಪತ್ತು ಸಿಗರೇಟು. ಅಧ್ಯಕ್ಷರು ನಿಜಕ್ಕೂ ಎದ್ದು ಕೂತರು. ಒಂಬತ್ತನೆಯ ಸಾಲಿಗೆ ಬಂದಳು. ನಿಲ್ಲಿಸಿದಳು. ಹರ್ಷಿತಾ ಮೆಚ್ಚಿ ತಲೆಯಾಡಿಸಿದಳು, ಗ್ಯಾಪು ಚೆನ್ನಾಗಿ ಬಂದಿತ್ತು. ಮೂರನೆಯ ಸಾಲಿನ ಕುರ್ಚಿಯಿಂದ ಯಶವಂತ, ಹೇಳಿಕೊಟ್ಟಂತೆ, ಎದ್ದು ನಿಂತ. ನಿಂತವನು ಹೆಂಡತಿಯನ್ನು ನೋಡಲಿಲ್ಲ, ತನ್ನ ಚಪ್ಪಲಿ ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ತನ್ನ ಮುಂದೆ ಹಾಗೆ ನಿಂತದ್ದನ್ನು ಅವಳು ನೋಡಿರಲಿಲ್ಲ. ಯಾರು ಅವನನ್ನು ಹಾಗೆ ನಿಲ್ಲಿಸಿದ್ದು?

"ಮುಟ್ಟಿಲ್ಲ ಅಂತ ಇಲ್ಲಿ ಬರೆದಿದೆ," ಎಂದಳು ಶೋಭಾ. ತೆಲುಗು ಎಲ್ಲಿ ಮುಗಿದು ಹಿಂದಿ ಎಲ್ಲಿ ಸುರುವಾಯಿತೋ ಅವಳಿಗೆ ಗೊತ್ತಾಗಲಿಲ್ಲ. "ಇವತ್ತು ಬೆಳಿಗ್ಗೆವರೆಗೆ ನಾನೂ ಹಾಗೇ ತಿಳಿದಿದ್ದೆ. ದಿನಕ್ಕೆ ನಾಲ್ಕು ಪೌಚು ನಾನೇ ಎಣಿಸಿ ಕೊಡುತ್ತಿದ್ದೆ, ಬಳಸಿದ ನಾಲ್ಕನ್ನು ಎಣಿಸಿ ತೆಗೆದುಕೊಳ್ಳುತ್ತಿದ್ದೆ. ನನ್ನ ಮನೆಯಲ್ಲಿ ಸರಕಾರ ನಾನೇ. ನನ್ನ ಕಾಯ್ದೆ ಭಾರಿ ಬಿಗಿಯಾಗಿತ್ತು. ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ಬಾಯಿಗೆ ಇಡದ್ದನ್ನು ಒದ್ದೆ ಮಾಡಿ ತಂದು ಕೊಡುತ್ತಿದ್ದರು, ನನ್ನ ಲೆಕ್ಕ ತಪ್ಪಬಾರದೆಂದು. ನೀವೂ ನಿಷೇಧ ಮಾಡಿ ಸರ್. ನಿಮ್ಮ ಲೆಕ್ಕವೂ ಸರಿಯಾಗಿಯೇ ಬರುತ್ತದೆ."

ಸಭೆಯಲ್ಲಿ ಯಾರೋ ನಕ್ಕರು, ಯಾರೋ ಶ್ ಎಂದರು. ಯಶವಂತ ಇನ್ನೂ ನಿಂತೇ ಇದ್ದ. ಕೂರು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಧ್ಯಕ್ಷರು ಕನ್ನಡಕ ಹಣೆಗೇರಿಸಿದರು.

"ಅಯಿತೇ ಅಮ್ಮಾ, ಮೀರು ಬ್ಯಾನ್ ಕಾವಾಲಂಟಾರಾ, ವದ್ದಂಟಾರಾ?"

ಬೇಕೋ ಬೇಡವೋ. "ವದ್ದು ಸರ್," ಎಂದಳು. "ಬೇಡ. ಅದಿಲ್ಲದಿದ್ದರೆ ಇಪ್ಪತ್ತಾಗುತ್ತಿತ್ತು. ಈಗ ಎಷ್ಟೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದನ್ನೇ ಹೇಳಲು ಬಂದೆ ಅಂತ ಬರೆದುಕೊಳ್ಳಿ."

ಅದನ್ನು ಬರೆದುಕೊಳ್ಳಲು ಅಲ್ಲಿ ಯಾವ ಖಾನೆಯೂ ಇರಲಿಲ್ಲ. ಹೊರಗೆ ಬರುವಾಗ ಗುಮಾಸ್ತ ಪೆನ್ನು ಹಿಡಿದು ಕಾಯುತ್ತಿದ್ದ. ನಿಮ್ಮ ಹೆಸರು ಈ ರಿಜಿಸ್ಟರಿನಲ್ಲೇ ಇರಲೋ ಆಚೆಯದಕ್ಕೆ ಬದಲಿಸಲೋ ಎಂದು ಕೇಳಿದ, ಒಳಗಿನಿಂದ ಇಬ್ಬರು ಎರಡು ರೀತಿ ಹೇಳಿ ಕಳಿಸಿದ್ದರಂತೆ. "ಇದ್ದಲ್ಲೇ ಇರಲಿ," ಎಂದಳು. ಕೋಕಿಲಾ ಬಂದು ಅವಳ ಎರಡೂ ಕೈ ಹಿಡಿದು, "ನಂಗೊತ್ತಿತ್ತು ಕಣ್ರೀ, ನೀವು ನಮ್ಮೋರೇ" ಎಂದು ಕಣ್ಣೀರು ಹಾಕಿದರು. ಅಲ್ಲವೆಂದು ಹೇಳಲು ಶೋಭಾಳಿಗೆ ಮನಸ್ಸಾಗಲಿಲ್ಲ. ಹರ್ಷಿತಾ ಮೆಟ್ಟಿಲ ಮೇಲೆ ಫೋನಿನಲ್ಲಿ ಯಾರಿಗೋ ಸಮಜಾಯಿಷಿ ಕೊಡುತ್ತಿದ್ದವಳು, ಇವರನ್ನು ಕಂಡು ಫೋನನ್ನು ಎದೆಗೆ ಒತ್ತಿಕೊಂಡಳು. ಬೈಯುತ್ತಾಳೆಂದುಕೊಂಡಿದ್ದರೆ ಅವಳ ಮುಖ ಒಮ್ಮೆಲೇ ಬಹಳ ಚಿಕ್ಕದಾಗಿ ಕಂಡಿತು, ಚಿನ್ಮಯಿಯ ವಯಸ್ಸಿಗೆ ಐದಾರು ಸೇರಿಸಿದರೆ ಆಯಿತು. "ಆಂಟಿ, ನಂಗೆ ಮುಂಚೆನೇ ಹೇಳ್ಬಾರ್ದಿತ್ತಾ? ಅಂಕಲ್‌ನ ಎದ್ದು ನಿಲ್ಲಿಸ್ತಾನೇ ಇರ್ಲಿಲ್ಲ ನಾನು," ಎಂದಳು. ಇಡೀ ಸಭೆಯಲ್ಲಿ ಯಶವಂತನ ವಿಷಯ ಯೋಚಿಸಿದವಳು ಆ ಹುಡುಗಿ ಒಬ್ಬಳೇ ಇದ್ದಂತಿತ್ತು.

ಇಬ್ಬರೂ ಬಸ್ ಸ್ಟಾಪಿನ ಕಡೆ ಹೊರಟರು. ಅವನು ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದ, ನೀಲಿ ಅಂಗಿ ಬೆನ್ನಿಗೆ ಬೆವರಿನಲ್ಲಿ ಅಂಟಿತ್ತು. ತಾನು ಮಾಡಿದ್ದು ಸತ್ಯವೋ ಸೇಡೋ ಎಂದು ಅವಳು ಆ ಬೆನ್ನನ್ನು ನೋಡುತ್ತ ಕೇಳಿಕೊಂಡಳು. ಎರಡೂ ಸ್ವಲ್ಪ ಸ್ವಲ್ಪ ಇದ್ದೀತು. ಮನೆಯಲ್ಲಿ ಒಲೆಯ ಮುಂದೆ ಕೇಳಲಾಗದ್ದನ್ನು ಮೈಕು ಸಿಕ್ಕ ಮೇಲೆ ಕೇಳಿದ್ದಳು. ಬಿಸಿಲು ಇನ್ನೂ ಇತ್ತು. ಸ್ಟಾಪಿನ ನೆರಳಿನಲ್ಲಿ ಅವನು ನಿಂತ.

"ಹೆಂಗ ಗೊತ್ತಾತು?" ಎಂದ, ಅವಳನ್ನು ನೋಡದೆ.

"ಕೂಲಂಟ್ ವಾಸನಿ ಬರಾಕತ್ತಿತ್ತು."

ಅವನು ಹಣೆ ಬಡಿದುಕೊಂಡ. ಅವಮಾನಕ್ಕಿಂತ ಹೆಚ್ಚಾಗಿ, ಕೆಲಸ ಕೆಡಿಸಿಕೊಂಡ ಕೆಲಸಗಾರನ ಬೇಸರವಿತ್ತು ಅದರಲ್ಲಿ. "ದಿನಾ ನಳದಾಗ ವಾಸನಿ ಹೋಗೂತನಕ ಹಿಂಡಿ ಹಿಂಡಿ ತೊಳಕೊಂಡ ಬರತಿದ್ದೆ. ನಿನ್ನೆ ಅವಸರ ಇತ್ತು, ಮಷೀನ್ ಬಾಜೂಕ ಇತ್ತು. ಥತ್."

ಅವಳಿಗೆ ನಗು ಬಂತು. ಬರಬಾರದಿತ್ತು, ಬಂತು. ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು, "ದಿನಕ್ಕ ಎಷ್ಟು ಸೇದ್ತೀರಿ?"

"ನಾಕು. ಸಾಹೇಬ ಬೈದ ದಿನ ಐದು."

"ಮತ್ತ ಪೌಚು?"

"ಊಟಾದ ಮ್ಯಾಲೆ ಒಂದು. ಅದು ಖರೆ, ಶೋಭಾ. ಅದನ್ನ ಒಂದ ದಿನಾನೂ ತಪ್ಪಿಸಿಲ್ಲ." ನಿಷ್ಠೆಯ ವಿಷಯ ಹೇಳುವವನಂತೆ ಹೇಳಿದ. "ಮದಲ ಆರ ತಿಂಗಳ ನಾಕೂ ಖರೇನ ಇದ್ದುವು. ಒಂದೂ ಸೇದಿರಲಿಲ್ಲ. ಆಮ್ಯಾಲೆ ಒಂದ ದಿನ ಒಂದು ಸೇದಿದೆ, ಅವತ್ತ ಹೇಳೂಣ ಅಂತ ಬಂದೆ. ನೀ ಊರಿಗೆ ಫೋನ್ ಹಚ್ಚಿದ್ದಿ. ನಮ್ಮಕ್ಕನ ಮುಂದ ಹೇಳಾಕತ್ತಿದ್ದಿ, ನಿಮ್ಮ ತಮ್ಮ ಗೆದ್ದಾನ್ರಿ ಅಂತ."

"ಹಂಗಂದ್ರ?"

"ಗೆದ್ದಾಂವ ಆಗಿ ಇರೂದು ಭಾಳ ತ್ರಾಸ ಐತಿ."

ಇಪ್ಪತ್ತು, ಸೊನ್ನೆ, ನಾಲ್ಕು. ಅವಳ ಹಾಳೆಯಲ್ಲಿ ಇದ್ದದ್ದು ಇಪ್ಪತ್ತು ಮತ್ತು ಸೊನ್ನೆ ಎರಡೇ. ಮಗಳಿಗೂ, ಸಮಿತಿಗೂ, ಕೋಕಿಲಾಗೂ ಅವೆರಡೇ ಬೇಕಾಗಿದ್ದವು. ನಾಲ್ಕನ್ನು ಇಟ್ಟುಕೊಂಡು ಏನು ಮಾಡುವುದು, ಅದಕ್ಕಾಗಿ ಗೋಧಿ ಹುಗ್ಗಿ ಮಾಡುವುದೋ ಅಳುವುದೋ, ಯಾರೂ ಹೇಳಿರಲಿಲ್ಲ. ಡಾಕ್ಟರಿಗೆ ಹೇಳಬೇಕು ಎಂದುಕೊಂಡಳು. ಸೋ‌ಮವಾರ. ಇಬ್ಬರೂ ಹೋಗಿ, ನಾಲ್ಕು ಎಂದೇ ಹೇಳಬೇಕು.

ಯಶವಂತನ ಕೈ ಜೇಬಿನ ಹತ್ತಿರ ಹೋಗಿ, ಅಲ್ಲಿ ಏನೂ ಇಲ್ಲವೆಂಬಂತೆ ಕಾಲರು ಸರಿಮಾಡಿಕೊಂಡಿತು.

"ಸೇದ್ರಿ," ಎಂದಳು.

"ಏನ?"

"ಜೇಬಿನ್ಯಾಗ ಐತೆಲ್ಲ. ಆ ಡಬ್ಬಾ ಅಂಗಡಿ ಹಂತ್ಯಾಕ ನಿಂತ ಸೇದ್ರಿ. ನಾನೂ ಬರತೀನಿ."

"ನೀ ನಿಂತ್ರ ಹೆಂಗ ಸೇದೂದು, ಮಾರಾಯ್ತಿ?"

"ಹೆಂಗ ಸೇದ್ತೀರಿ ಹಂಗ."

ಸ್ಟಾಪಿನಿಂದ ಆಚೆ, ಡಬ್ಬಾ ಅಂಗಡಿಯ ಹಿಂದೆ, ಅವನು ಮೂರು ಕಡ್ಡಿ ಕೆಡಿಸಿ ನಾಲ್ಕನೆಯದಕ್ಕೆ ಹೊತ್ತಿಸಿದ. ಮೊದಲ ದಮ್ಮಿಗೆ ಕಣ್ಣು ಮುಚ್ಚಿದ. ಅವಳು ತನ್ನ ಎದೆಯಲ್ಲೇ ಆ ಹೊಗೆ ಇಳಿದಂತೆ ಉಸಿರು ಹಿಡಿದಳು; ಅವನ ಎದೆಯೊಳಗೆ ಎಲ್ಲಿ ಸ್ಟೆಂಟಿನ ಆ ಸಣ್ಣ ತಂತಿಯ ಬಲೆ ಇದೆಯೋ, ಅದರ ಮೇಲಿಂದ ಹೊಗೆ ಹೋಗುವುದು ಕಂಡಂತಾಯಿತು. ಕಿತ್ತು ಬಿಸಾಡಬೇಕೆಂದು ಬೆರಳು ತುಡಿದವು. ಸೆರಗು ಹಿಡಿದುಕೊಂಡಳು. ಅವನು ಹೊಗೆಯನ್ನು ಅವಳಿಗೆ ತಾಗದಂತೆ ಪಕ್ಕಕ್ಕೆ ಬಿಡುತ್ತಿದ್ದ, ಗಾಳಿ ಅದನ್ನು ತಂದು ಅವಳ ಮುಖಕ್ಕೇ ಹಾಕುತ್ತಿತ್ತು, ಅವನು ಕೈಯಿಂದ ಬೀಸಿ ಸರಿಸುತ್ತಿದ್ದ. ಇದೆಷ್ಟನೆಯದು ಎಂದು ಅವಳು ಕೇಳಲಿಲ್ಲ. "ಮೂರನೇದು," ಎಂದು ಅವನೇ ಹೇಳಿದ.

ಬಾಲಾನಗರದ ಬಸ್ಸು ತಿರುವಿನಲ್ಲಿ ಕಂಡಿತು, ಖಾಲಿಯಿತ್ತು, ಕೂರಲು ಜಾಗ ಸಿಗುವಷ್ಟು ಖಾಲಿ. ಅವನು ಗಾಬರಿಯಾಗಿ, ಇನ್ನೂ ಅರ್ಧ ಉಳಿದಿದ್ದ ಸಿಗರೇಟನ್ನು ನೆಲಕ್ಕೆ ಹಾಕಲು ಕೈ ತಗ್ಗಿಸಿದ.

"ಇರ್ಲಿ ಬಿಡ್ರಿ," ಎಂದಳು ಶೋಭಾ. "ಮುಂದಿನದಕ್ಕ ಹೋಗೂಣು."

ಬಸ್ಸು ನಿಂತಿತು, ಇಬ್ಬರನ್ನು ಇಳಿಸಿತು, ಹೊರಟುಹೋಯಿತು.